ಕಿರುಗುಡುವ ಗಾಲಿ

ಲೀಡ್ಸ್ ಊರಿನ ಆ ಸರಕಾರಿ ಕಟ್ಟಡದ ಮೂರನೇ ಮಹಡಿಯಲ್ಲಿ
ಎದುರುಬದುರು ಎರಡು ಕೋಣೆ.
ಒಂದರಲ್ಲಿ ಗಿರಣಿಯ ಧಣಿಗಳು,
ಇನ್ನೊಂದರಲ್ಲಿ ದುಡಿಯುವವರು,
ನಡುವೆ ಹದಿನೇಳು ಹೆಜ್ಜೆಯ ಕಾರಿಡಾರು.
ಆ ಹದಿನೇಳು ಹೆಜ್ಜೆಗೆ ಸರಕಾರವೆಂದು ಹೆಸರು.

ಎಡ್ನಾ ಗಾರ್ಸೈಡ್ ಅಲ್ಲಿ ಚಹಾ ತಳ್ಳಿದ್ದು
ಇಪ್ಪತ್ತಾರು ವರ್ಷ.
ಟ್ರಾಲಿಯ ಮುಂದಿನ ಗಾಲಿಯೊಂದು ಕಿರುಗುಡುತ್ತಿತ್ತು,
ಎಡಕ್ಕೆ ಎಳೆಯುತ್ತಿತ್ತು.
ನೇರ ಹೋಗಬೇಕೆಂದರೆ ಎಡಸೊಂಟದಿಂದ
ಒತ್ತು ಕೊಡುತ್ತಲೇ ಇರಬೇಕು.
ಎಣ್ಣೆ ಬಿಡಲೇ ಎಂದರೆ
ಸಂಧಾನಾಧಿಕಾರಿ ಥ್ವೇಟ್ಸ್ ಬೇಡವೆನ್ನುವನು:
"ಆ ಸದ್ದು ಕೇಳಿದರೆ ಎರಡೂ ಕಡೆ ಬೈಗುಳ ನಿಲ್ಲುತ್ತದೆ.
ನನ್ನ ಇಲಾಖೆಗಿರುವ ಅಧಿಕಾರ ಅದೊಂದೇ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಈ ಗಾದೆ ಅವಳ ನುಡಿಯಲ್ಲಿಲ್ಲ.
ಆದರೆ ಹಾವು ಯಾರು, ಕೋಲು ಯಾರು ಎಂಬುದು
ಬಾಗಿಲು ದಾಟಿದೊಡನೆ ಅದಲುಬದಲಾಗುವುದನ್ನು
ದಿನಕ್ಕೆ ನಾಲ್ಕು ಸಲ ಕಂಡಿದ್ದಳು.

ಸಕ್ಕರೆಯಲ್ಲೇ ತಿಳಿದುಬಿಡುತ್ತಿತ್ತು.
ಧಣಿ ಎರಡನೇ ಚಮಚ ಕೇಳಿದನೋ
ಗಂಟೆಗೆ ಇನ್ನೊಂದು ಪೆನ್ನಿ ಏರಲಿದೆ.
ಸಂಘದ ಮುಂದಾಳು ಬಿಸ್ಕತ್ತು ಮುಟ್ಟಲಿಲ್ಲವೋ
ಅವಳ ಕೊನೆಯ ಬಸ್ಸು ತಪ್ಪಿತೆಂದೇ ಲೆಕ್ಕ.

ಮನೆಯ ಬೈಬಲ್ಲಿನ ಕೊನೆಯ ಹಾಳೆಯಲ್ಲಿ
ಹುಟ್ಟುಸಾವುಗಳ ನಡುವೆ ಸಿಕ್ಕಿಕೊಂಡ ಒಂದು ಸಾಲು:
ಜೋಬ್ ಗಾರ್ಸೈಡ್, ನೇಕಾರ, ಎರಡು ತಿಂಗಳು ಸೆರೆ.
ಮಾಡಿದ ತಪ್ಪು, ಹತ್ತು ಜನ ಸೇರಿ
ಒಂದೇ ಕೂಲಿ ಕೇಳಿದ್ದು.
ಆಗ ಸರಕಾರಕ್ಕೆ ಕಾರಿಡಾರಿನ ಯೋಚನೆಯೇ ಇರಲಿಲ್ಲ.
ಒಂದು ಕೋಣೆಯ ಬಾಗಿಲು ಕಾಯುತ್ತಿತ್ತು,
ಇನ್ನೊಂದನ್ನು ಕಟ್ಟಲು ಬಿಡುತ್ತಿರಲಿಲ್ಲ.

ಅಪ್ಪನ ಕತೆ ಬೇರೆ. ಇಪ್ಪತ್ತಾರನೇ ಇಸವಿಯ ಮೇ,
ಇಡೀ ದೇಶ ಕೈಕಟ್ಟಿ ಕೂತ ಒಂಬತ್ತು ದಿನ.
ಟ್ರ್ಯಾಮ್ ಓಡಿಸಲು ಬಂದ ಕಾಲೇಜು ಹುಡುಗ
ಬ್ರೇಕು ಯಾವುದೆಂದು
ಮುಷ್ಕರಕ್ಕೆ ನಿಂತ ಅಪ್ಪನನ್ನೇ ಕೇಳಿದನಂತೆ.
ಅಪ್ಪ ಹತ್ತಿ ತೋರಿಸಿಕೊಟ್ಟ.
"ಇಳಿಜಾರಿನ ಕೆಳಗೆ ಸಂತೆಯಿತ್ತಲ್ಲ, ಮಗೂ."
ಹತ್ತನೇ ದಿನ ಡಿಪೋಗೆ ಹೋದರೆ
ಅವನ ಗೂಟದಲ್ಲಿ ಇನ್ಯಾರದೋ ಟೋಪಿ.

ಎಪ್ಪತ್ತನಾಲ್ಕರ ಚಳಿಯಲ್ಲಿ
ಗಿರಣಿಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು.
ಮೇಣದ ಬತ್ತಿಯ ಬೆಳಕಲ್ಲಿ ಮಾತುಕತೆ.
ಆವತ್ತು ಬ್ರಾಡ್‌ಫರ್ಡಿನ ರಾತ್ರಿಪಾಳಿಯ ಮಲ್ಕಿಯತ್ ಸಿಂಗ್
ಬಾಗಿಲ ಪಕ್ಕದ ಕುರ್ಚಿಯಲ್ಲಿ ಐದು ಗಂಟೆ ಕೂತಿದ್ದ.
ಅವನನ್ನು ಯಾರೂ ಏನೂ ಕೇಳಲಿಲ್ಲ,
ಅವನದೇ ಸಂಘದವರೂ.
"ನಮಗೆ ಮೂರನೆಯ ಕೋಣೆ ಇದೆಯೇ, ಅಮ್ಮಾ?"
ಎಡ್ನಾ ಉತ್ತರ ಹುಡುಕಿದಳು, ಸಿಗಲಿಲ್ಲ.
ಅವನ ಬಟ್ಟಲಿಗೇ ಮೊದಲು ಹೊಯ್ದಳು.

ಆಮೇಲೆ ಥ್ವೇಟ್ಸ್ ನಿವೃತ್ತನಾದ.
ಒಂದೊಂದಾಗಿ ಕಾಯಿದೆ ಬಂದವು,
ಚೆನ್ನಾಗಿ ಎಣ್ಣೆ ಉಂಡ ಗಾಲಿಯ ಮೇಲೆ, ಸದ್ದಿಲ್ಲದೆ.
ಎಲ್ಲಿ ನಿಲ್ಲಬೇಕು, ಎಷ್ಟು ಜನ ನಿಲ್ಲಬೇಕು,
ಯಾರಿಗಾಗಿ ನಿಲ್ಲಲೇಬಾರದು.
ಕೋಣೆಗಳಿಗೆ ಬೀಗ ಬಿತ್ತು.
ಹಳೆಯ ಸಾಮಾನಿನ ಹರಾಜಿನಲ್ಲಿ ಟ್ರಾಲಿ
ನಾಲ್ಕು ಪೌಂಡಿಗೆ ಅವಳದಾಯಿತು.

ಎಂಬತ್ತನಾಲ್ಕರ ನವೆಂಬರು. ತಂಗಿಯ ಹಳ್ಳಿ,
ಎಂಟು ತಿಂಗಳಿಂದ ಇಳಿಯದ ಗಣಿಯ ಲಿಫ್ಟು.
ಚರ್ಚಿನ ಹಜಾರದಲ್ಲಿ ಹೆಂಗಸರು ಆಲೂಗಡ್ಡೆ ಸುಲಿಯುತ್ತಿದ್ದರು.
ಹೊರಗೆ ರಸ್ತೆಯ ಎಡಕ್ಕೆ ಗಣಿಯವರು,
ಬಲಕ್ಕೆ ದೂರದೂರದಿಂದ ವ್ಯಾನಿನಲ್ಲಿ ಬಂದಿಳಿದ ಪೊಲೀಸರು,
ಮೀಸೆ ಮೂಡದ ಹುಡುಗರೂ ಇದ್ದರು, ಚಳಿಗೆ ಮೂಗು ಕೆಂಪಾದವರು.
ಕೂಗು. ಮರುಕೂಗು. ಯಾರದೋ ತಾಯಿಯ ಹೆಸರು.

ಎಡ್ನಾ ಟ್ರಾಲಿಯನ್ನು ನಡುರಸ್ತೆಗಿಳಿಸಿದಳು.
ಕಲ್ಲುಹಾಸಿನ ಮೇಲೆ ಗಾಲಿ ಕಿರುಗುಟ್ಟಿತು.
ಒಂದು ಗಳಿಗೆ, ನಿಜಕ್ಕೂ ಒಂದೇ ಗಳಿಗೆ,
ಎರಡೂ ಕಡೆ ಬೈಗುಳ ನಿಂತಿತು.

ಒಂಬತ್ತನೇ ಹೆಜ್ಜೆಯಲ್ಲಿ ನಿಂತು
ಬಟ್ಟಲು ಎಣಿಸಿದಳು.
ಒಂದು ಕಡೆಗಷ್ಟೇ ಸಾಕಾಗುವಷ್ಟಿದ್ದವು.
ಮತ್ತೆ ತಳ್ಳಿದಳು. ಗಾಲಿ ಯಾವಾಗಿನಂತೆ
ಎಡಕ್ಕೆ ಎಳೆಯಿತು.
ಇವತ್ತು ಸೊಂಟ ಒತ್ತು ಕೊಡಲಿಲ್ಲ.